ಎರೆಮಣ್ಣಿನ ಹಾಳೆಗಳೂ ಆಮ್ಲದ ಕೆಲಸವೂ

ಬಸವಕಲ್ಯಾಣ ಹುಮನಾಬಾದುಗಳ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಎರೆಮಣ್ಣಿನ ಗುಣವನ್ನು ಹೊಸದಾಗಿ ಹೇಳಿಕೊಡಬೇಕಾದುದಿಲ್ಲ. ಬೇಸಗೆಯಲ್ಲಿ ಅದು ಬಿರಿದು ಕೈ ಇಳಿಯುವಷ್ಟು ಅಗಲವಾದ ಬಿರುಕುಗಳನ್ನು ಬಿಡುವುದು. ಮುಂಗಾರು ಮಳೆ ಬಿದ್ದೊಡನೆ ಉಬ್ಬಿ, ಬಿರುಕುಗಳನ್ನೆಲ್ಲ ಮುಚ್ಚಿ, ಕಾಲಿಗೂ ಬಂಡಿಯ ಗಾಲಿಗೂ ಅಂಟಿಕೊಳ್ಳುವುದು. ಈ ನೆಲದಲ್ಲಿ ಮನೆ ಕಟ್ಟುವವರು ತಳಪಾಯವನ್ನು ಆಳವಾಗಿ ತೆಗೆಯುವರು; ಕಡಲೆ, ಕುಸುಬೆ, ಹಿಂಗಾರಿ ಜೋಳಗಳನ್ನು ಬಿತ್ತುವವರು ಅದು ನೀರನ್ನು ಹಿಡಿದಿಡುವ ಶಕ್ತಿಯನ್ನೇ ನಂಬಿ ಬಾಳುವರು. ಹೀಗೆ ಉಬ್ಬುವ ಕುಗ್ಗುವ ಗುಣಕ್ಕೆ ಕಾರಣವಾಗಿರುವ ಖನಿಜವೊಂದುಂಟು. ಆ ಖನಿಜವೇ ಇಂದು ರಸಾಯನ ಶಾಸ್ತ್ರಜ್ಞರ ಕೈಯಲ್ಲಿ ಪ್ಲಾಸ್ಟಿಕ್, ರಬ್ಬರು, ನೂಲು ಮುಂತಾದುವನ್ನು ಕಟ್ಟುವ ಒಂದು ಉಪಕರಣವಾಗಿರುವುದೆಂಬ ಸಂಗತಿಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಅವರ ತಾಯಿತಂದೆಗಳಿಗೂ ತಿಳಿಯಹೇಳುವುದೇ ಈ ಲೇಖನದ ಉದ್ದೇಶ.

ಇದು ಕೇವಲ ಕುತೂಹಲಕ್ಕಾಗಿ ತಿಳಿಯಬೇಕಾದ ವಿಷಯವಲ್ಲ. ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳು ನೆಲೆಗೊಂಡಿರುವುವು. ಇಂತಹ ಕಾರ್ಖಾನೆಗಳಲ್ಲಿ ಕೆಲಸಕ್ಕೆ ಸೇರುವ ತರುಣ ತರುಣಿಯರು ನಮ್ಮ ನಿಮ್ಮ ಮನೆಗಳವರೇ. ಅವುಗಳ ಸುತ್ತಲಿನ ಬಾವಿಗಳ ನೀರನ್ನು ಕುಡಿಯುವವರೂ ನಮ್ಮವರೇ. ಜಗತ್ತಿನ ಎಲ್ಲ ಕಡೆಗಳಲ್ಲಿಯೂ ರಾಸಾಯನಿಕ ಉದ್ಯಮವು ಆಮ್ಲವನ್ನು ಬಳಸದೆ ನಡೆಯುವುದಿಲ್ಲ. ಆದುದರಿಂದ ‘ಕೆಲಸ ಮುಗಿದ ಮೇಲೆ ಆ ಆಮ್ಲವು ಎಲ್ಲಿಗೆ ಹೋಗುವುದು?’ ಎಂಬ ಪ್ರಶ್ನೆಯು ಪಂಡಿತರಿಗೆ ಮಾತ್ರ ಸೇರಿದುದಲ್ಲ.

ಪಾಲಿಮರು ಎಂದರೇನು

ಮೊದಲು ಪಾಲಿಮರು ಎಂಬ ಮಾತಿನ ಅರ್ಥವನ್ನು ನೋಡೋಣ. ಹೂವಿನ ಹಾರವನ್ನು ನೆನಪಿಗೆ ತಂದುಕೊಳ್ಳಿರಿ. ಒಂದೊಂದು ಹೂವೂ ಬಿಡಿಬಿಡಿಯಾಗಿದ್ದಾಗ ಗಾಳಿಗೆ ಹಾರಿಹೋಗುವಷ್ಟು ಹಗುರ. ದಾರದಲ್ಲಿ ಪೋಣಿಸಿದ ಮೇಲೆ ಅದೇ ಹೂವುಗಳು ಹಿಡಿದೆಳೆದರೂ ತಾಳುವ ಒಂದು ವಸ್ತುವಾಗುವುವು. ಅಂತೆಯೇ ಸಣ್ಣ ಅಣುಗಳು ಸಾವಿರಗಟ್ಟಲೆಯಾಗಿ ಒಂದರ ಕೈ ಒಂದು ಹಿಡಿದು ಉದ್ದನೆಯ ಸರಪಣಿಯಾದರೆ, ಆ ಸರಪಣಿಯನ್ನು ಪಾಲಿಮರು ಎನ್ನುವರು. ಬಿಡಿ ಅಣುವಿಗೆ ಮಾನೊಮರು ಎಂದು ಹೆಸರು. ಹತ್ತಿ, ರೇಷ್ಮೆ, ಉಣ್ಣೆ, ಮರದ ನಾರು ಇವು ಪ್ರಕೃತಿಯು ತಾನೇ ಪೋಣಿಸಿದ ಹಾರಗಳು. ಬಕೆಟ್ಟು, ಕೊಳವೆ, ಸಿಮೆಂಟು ಚೀಲ, ಲಾರಿಯ ಟ್ಯೂಬು ಇವು ಮನುಷ್ಯನು ಪೋಣಿಸಿದುವು.

ಇಂತಹ ಉದ್ದನೆಯ ಅಣುಗಳು ನಿಜವಾಗಿಯೂ ಇರುವುವೆಂಬುದನ್ನು ಪಂಡಿತರು ಬಹುಕಾಲ ನಂಬಲಿಲ್ಲ. ಜರ್ಮನಿಯ ಹರ್ಮನ್ ಸ್ಟೌಡಿಂಗರ್ ಎಂಬ ವಿದ್ವಾಂಸನು ೧೯೨೦ರಲ್ಲಿ ಈ ಅಭಿಪ್ರಾಯವನ್ನು ಮುಂದಿಟ್ಟಾಗ ಅನೇಕರು ಅದನ್ನು ತಳ್ಳಿಹಾಕಿದರು. ಆದರೆ ಆತನು ತನ್ನ ಪಕ್ಷವನ್ನು ಬಿಡದೆ ಸಾಧಿಸಿ, ೧೯೫೩ರಲ್ಲಿ ನೊಬೆಲ್ ಬಹುಮಾನಕ್ಕೆ ಪಾತ್ರನಾದನು.

ಹೂವುಗಳು ತಾವಾಗಿಯೇ ಹಾರವಾಗುವುದಿಲ್ಲ; ಪೋಣಿಸಲು ಸೂಜಿ ಬೇಕು. ಸೂಜಿಯು ಹಾರವನ್ನು ಮಾಡಿದರೂ ಹಾರದಲ್ಲಿ ಉಳಿಯುವುದಿಲ್ಲ. ಒಂದು ಹಾರ ಮುಗಿದೊಡನೆ ಇನ್ನೊಂದಕ್ಕೆ ಸಿದ್ಧವಾಗಿರುವುದು. ರಸಾಯನ ಕ್ರಿಯೆಯಲ್ಲಿ ಇಂತಹ ಸೂಜಿಯ ಕೆಲಸ ಮಾಡುವ ವಸ್ತುವನ್ನು ಕ್ರಿಯಾವರ್ಧಕ ಅಥವಾ ಕ್ಯಾಟಲಿಸ್ಟ್ ಎನ್ನುವರು. ಸ್ವೀಡನ್ ದೇಶದ ಬರ್ಜೀಲಿಯಸ್ ಎಂಬಾತನು ೧೮೩೫ರಲ್ಲಿ ಈ ಬಗೆಯ ಕ್ರಿಯೆಗೆ ಮೊದಲು ಹೆಸರಿಟ್ಟನು. ಸೂಜಿಗಳಲ್ಲಿ ನಾನಾ ಬಗೆಗಳಿರುವಂತೆ ಕ್ರಿಯಾವರ್ಧಕಗಳಲ್ಲಿಯೂ ಹಲವು ಜಾತಿಗಳುಂಟು. ಅವುಗಳಲ್ಲಿ ಬಹು ಹಳೆಯದಾದುದು ಆಮ್ಲ.

ಆಮ್ಲವು ಸರಪಣಿಯನ್ನು ಕಟ್ಟುವ ಬಗೆ

ಆಮ್ಲದ ಸತ್ತ್ವವೆಲ್ಲ ಅದು ಬಿಟ್ಟುಕೊಡುವ ಪ್ರೋಟಾನಿನಲ್ಲಿರುವುದು. ಪ್ರೋಟಾನೆಂದರೆ ತನ್ನ ಎಲೆಕ್ಟ್ರಾನನ್ನು ಕಳೆದುಕೊಂಡ ಜಲಜನಕದ ಪರಮಾಣು. ಅದು ಧನ ವಿದ್ಯುದಂಶವುಳ್ಳದ್ದು, ಎಲೆಕ್ಟ್ರಾನುಗಳಿಗಾಗಿ ಸದಾ ಹಸಿದಿರುವುದು. ಉದಾಹರಣೆಗೆ ಐಸೊಬ್ಯುಟಿಲೀನ್ ಎಂಬ ಅನಿಲವನ್ನು ತೆಗೆದುಕೊಳ್ಳೋಣ. ಇದರ ಅಣುವಿನಲ್ಲಿ ಇಂಗಾಲದ ನಾಲ್ಕು ಪರಮಾಣುಗಳಿದ್ದು, ಅವುಗಳಲ್ಲಿ ಎರಡರ ನಡುವೆ ಜೋಡಿಬಂಧವಿರುವುದು. ಪ್ರೋಟಾನು ಆ ಜೋಡಿಬಂಧಗಳಲ್ಲಿ ಒಂದನ್ನು ತನ್ನ ಕಡೆಗೆ ಸೆಳೆದುಕೊಂಡೊಡನೆ ಅಣುವಿನ ಮತ್ತೊಂದು ತುದಿಯು ಎಲೆಕ್ಟ್ರಾನುಗಳಿಗೆ ಹಸಿಯುವುದು. ಆ ತುದಿಯು ಪಕ್ಕದ ಅಣುವನ್ನು ಹಿಡಿಯುವುದು. ಹಿಡಿಯಲ್ಪಟ್ಟ ಅಣುವಿನ ತುದಿಯು ಮೂರನೆಯದನ್ನು. ಹೀಗೆ ಸರಪಣಿಯು ಬೆಳೆಯುತ್ತ ಹೋಗುವುದು. ಕೊನೆಗೆ ಸರಪಣಿಯು ಒಂದು ಪ್ರೋಟಾನನ್ನು ಹೊರಕ್ಕೆ ಬಿಟ್ಟು ತಾನು ಶಾಂತವಾಗುವುದು. ಬಿಡುಗಡೆಯಾದ ಪ್ರೋಟಾನು ಮತ್ತೊಂದು ಹೊಸ ಸರಪಣಿಯನ್ನು ಆರಂಭಿಸುವುದು. ಒಳಗೆ ಹೋದ ಪ್ರೋಟಾನು ಬೇರೆ, ಹೊರಗೆ ಬಂದ ಪ್ರೋಟಾನು ಬೇರೆ. ಈ ಅಂಶದಲ್ಲಿ ನಮ್ಮ ಸೂಜಿಯ ಉಪಮಾನವು ಪೂರ್ಣವಾಗಿ ಹೊಂದದಿದ್ದರೂ ಲೆಕ್ಕದಲ್ಲಿ ಪ್ರೋಟಾನು ಖರ್ಚಾಗುವುದಿಲ್ಲವೆಂಬುದೇ ಮುಖ್ಯ.

ಪುಣೆ-ಹೈದರಾಬಾದ್ ಹೆದ್ದಾರಿಯಲ್ಲಿ ಹುಮನಾಬಾದನ್ನು ಹಾದುಹೋಗುವ ಲಾರಿಗಳ ಟ್ಯೂಬುಗಳಿಗೆ ಬಳಸುವ ಬ್ಯುಟೈಲ್ ರಬ್ಬರು ಈ ಐಸೊಬ್ಯುಟಿಲೀನಿನಿಂದಲೇ ಆದುದು. ಅದಕ್ಕೆ ಐಸೊಪ್ರೀನ್ ಎಂಬ ಇನ್ನೊಂದು ದ್ರವ್ಯವನ್ನು ಸ್ವಲ್ಪ ಮಾತ್ರ ಬೆರೆಸುವರು. ಗಾಳಿಯನ್ನು ಸೋರಗೊಡದಿರುವುದು ಈ ರಬ್ಬರಿನ ವಿಶೇಷ. ಅಮೆರಿಕದ ಸ್ಪಾರ್ಕ್ಸ್ ಮತ್ತು ಥಾಮಸ್ ಎಂಬಿಬ್ಬರು ೧೯೩೭ರಲ್ಲಿ ಇದನ್ನು ಕಂಡುಹಿಡಿದರು. ಇಲ್ಲಿ ಸೂಜಿಯಾಗಿ ದುಡಿಯುವುದು ಅಲ್ಯುಮಿನಿಯಂ ಕ್ಲೋರೈಡ್ ಎಂಬ ವಸ್ತು. ಅದು ಸ್ವತಃ ಪ್ರೋಟಾನನ್ನು ಕೊಡದಿದ್ದರೂ ಎಲೆಕ್ಟ್ರಾನುಗಳನ್ನು ಸೆಳೆಯುವುದರಲ್ಲಿ ಆಮ್ಲದ ಗುಣವನ್ನೇ ತೋರಿಸುವುದು.

ಕಳೆದುಹೋದ ಸೂಜಿಗಳು

ಹಾಗಾದರೆ ತೊಂದರೆಯೇನು? ಹೂವಿನ ಬುಟ್ಟಿಯೊಳಗೆ ಸಾವಿರ ಸೂಜಿಗಳನ್ನು ಸುರಿದು ಹಾರ ಕಟ್ಟಿದರೆಂದು ಭಾವಿಸಿರಿ. ಹಾರಗಳೇನೋ ಬೇಗನೆ ಸಿದ್ಧವಾದಾವು. ಆದರೆ ಅವನ್ನು ಕೊರಳಿಗೆ ಹಾಕಿಕೊಳ್ಳುವ ಮುಂಚೆ ಸೂಜಿಗಳನ್ನೆಲ್ಲ ಹುಡುಕಿ ತೆಗೆಯಬೇಕಷ್ಟೆ. ದ್ರವರೂಪದ ಆಮ್ಲದ ಗತಿಯೂ ಇದೇ. ಗಂಧಕಾಮ್ಲವನ್ನು ಕ್ರಿಯಾಪಾತ್ರೆಗೆ ಸುರಿದರೆ ಅದು ಸರಕಿನೊಡನೆ ಬೆರೆತುಹೋಗುವುದು. ಬೇರ್ಪಡಿಸಲು ನೀರಿನಿಂದ ತೊಳೆಯಬೇಕು. ತೊಳೆದ ಹುಳಿನೀರನ್ನು ಸುಣ್ಣ ಹಾಕಿ ಶಮನಗೊಳಿಸಬೇಕು.

ಇದರ ಲೆಕ್ಕವನ್ನು ಪ್ರೌಢಶಾಲೆಯ ಹುಡುಗಿಯೂ ಮಾಡಬಲ್ಲಳು. ೯೮ ಕಿಲೋಗ್ರಾಂ ಶುದ್ಧ ಗಂಧಕಾಮ್ಲವನ್ನು ಶಮನಗೊಳಿಸಲು ೭೪ ಕಿಲೋಗ್ರಾಂ ಅರಳಿದ ಸುಣ್ಣ ಬೇಕು. ಅವೆರಡೂ ಸೇರಿ ೧೭೨ ಕಿಲೋಗ್ರಾಂ ಜಿಪ್ಸಮ್ ಆಗುವುದು. ಜಿಪ್ಸಮ್ ಸ್ವತಃ ವಿಷವಲ್ಲ. ಶುದ್ಧವಾಗಿದ್ದರೆ ಗೋಡೆಯ ಹಲಗೆಗೂ ಸಿಮೆಂಟಿಗೂ ಬಳಕೆಯಾಗುವ ವಸ್ತು. ಆದರೆ ಕಾರ್ಖಾನೆಯ ತೊಳೆನೀರಿನಿಂದ ಬಂದ ಜಿಪ್ಸಮಿನೊಡನೆ ಸರಕಿನ ಅಂಶಗಳೂ ಬೆರೆತಿರುವುದರಿಂದ ಅದು ಯಾರಿಗೂ ಬೇಡವಾದ ಕೆಸರಾಗುವುದು. ಆಮ್ಲವನ್ನು ಕೊಂಡುದಕ್ಕೆ ಒಂದು ಖರ್ಚು, ಸುಣ್ಣಕ್ಕೆ ಇನ್ನೊಂದು, ಕೆಸರನ್ನು ಸಾಗಿಸಲು ಮತ್ತೊಂದು. ಈ ಖರ್ಚುಗಳನ್ನು ತಪ್ಪಿಸಬೇಕೆಂಬ ಆಸೆ ಹುಟ್ಟಿದರೆ ಹುಳಿನೀರು ಹಳ್ಳಕ್ಕೆ ಸೇರುವ ಅಪಾಯವುಂಟು.

ನಮ್ಮ ಜಿಲ್ಲೆಯಲ್ಲಿ ಈ ಅಪಾಯಕ್ಕೆ ಮತ್ತೊಂದು ಕಾರಣವೂ ಇದೆ. ಬೀದರಿನ ಎತ್ತರದ ಭೂಮಿಯು ಜಂಬಿಟ್ಟಿಗೆಯದು. ಅದರ ಕೆಳಗೆ ಗಟ್ಟಿಯಾದ ಕರಿಕಲ್ಲು. ಜಂಬಿಟ್ಟಿಗೆಯು ರಂಧ್ರಮಯವಾದುದರಿಂದ ಮೇಲೆ ಬಿದ್ದ ನೀರು ಬೇಗನೆ ಇಳಿದು ಕರಿಕಲ್ಲಿನ ಮೇಲೆ ನಿಂತು ಹರಿಯುವುದು. ಬಹಮನಿ ಸುಲ್ತಾನರ ಕಾಲದವರು ಈ ಗುಣವನ್ನು ಅರಿತೇ ಬೀದರಿನಲ್ಲಿ ಸುರಂಗಬಾವಿಗಳನ್ನು ತೋಡಿಸಿ ಊರಿಗೆ ನೀರನ್ನು ತಂದರು. ಮಳೆಯ ನೀರನ್ನು ಬಾವಿಗೆ ಮುಟ್ಟಿಸುವ ಆ ದಾರಿಯೇ, ನೆಲದ ಮೇಲೆ ಚೆಲ್ಲಿದ ಹುಳಿನೀರನ್ನೂ ಬಾವಿಗೆ ಮುಟ್ಟಿಸುವುದು. ಆದಕಾರಣ ಆಮ್ಲವನ್ನು ಚೆಲ್ಲದೆ ಕೆಲಸ ಮಾಡುವ ಉಪಾಯವು ಇತರ ಸೀಮೆಗಳಿಗಿಂತ ನಮಗೆ ಹೆಚ್ಚು ಬೇಕಾದುದು.

ಸೂಜಿಯನ್ನು ದಿಂಡಿಗೆ ಚುಚ್ಚಿಡುವುದು

ಹೊಲಿಗೆಯ ತರಗತಿಯಲ್ಲಿ ಮೊದಲ ದಿನವೇ ಕಲಿಸುವ ಪಾಠವೊಂದುಂಟು: ಸೂಜಿಗಳನ್ನು ಎಲ್ಲೆಂದರಲ್ಲಿ ಇಡದೆ ಬಟ್ಟೆಯ ದಿಂಡಿಗೆ ಚುಚ್ಚಿಡಬೇಕು. ರಸಾಯನ ಶಾಸ್ತ್ರಜ್ಞರು ಕಂಡುಕೊಂಡ ಉಪಾಯವೂ ಇದೇ. ಆಮ್ಲವನ್ನು ದ್ರವವಾಗಿ ಸುರಿಯದೆ, ಕರಗದಿರುವ ಯಾವುದಾದರೊಂದು ಘನವಸ್ತುವಿನ ಮೈಮೇಲೆ ಅದನ್ನು ನೆಲೆಗೊಳಿಸುವುದು. ಸರಕು ಆ ಘನವಸ್ತುವಿನ ಮೇಲೆ ಹಾದುಹೋಗುವಾಗ ಕ್ರಿಯೆ ನಡೆಯುವುದು. ಆಮ್ಲವು ತನ್ನ ಜಾಗದಲ್ಲಿಯೇ ಉಳಿಯುವುದು. ಕೊನೆಗೆ ಸೋಸಿದರೆ ಸಾಕು. ತೊಳೆಯುವುದೂ ಇಲ್ಲ, ಸುಣ್ಣವೂ ಬೇಡ. ಅದೇ ಘನವನ್ನು ಮುಂದಿನ ಸರದಿಗೆ ಮತ್ತೆ ಬಳಸಬಹುದು.

ಈ ಉಪಾಯವನ್ನು ಕೈಗಾರಿಕೆಯಲ್ಲಿ ದೊಡ್ಡ ಪ್ರಮಾಣದಲ್ಲಿ ಸಾಧಿಸಿದವನು ರಷ್ಯ ದೇಶದಲ್ಲಿ ೧೮೬೭ರಲ್ಲಿ ಹುಟ್ಟಿದ ವ್ಲಾಡಿಮಿರ್ ಇಪಾಟಿಯೆಫ್. ಆತನು ೧೯೩೦ರಲ್ಲಿ ಸ್ವದೇಶವನ್ನು ಬಿಟ್ಟು ಅಮೆರಿಕದ ಶಿಕಾಗೋ ನಗರಕ್ಕೆ ಬಂದು, ಯೂನಿವರ್ಸಲ್ ಆಯಿಲ್ ಪ್ರಾಡಕ್ಟ್ಸ್ ಎಂಬ ಸಂಸ್ಥೆಯಲ್ಲಿ ಕೆಲಸಕ್ಕೆ ನಿಂತನು. ಹಿಂದೆ ನೀರಿನಲ್ಲಿ ವಾಸವಾಗಿದ್ದ ಡಯಾಟಮ್ ಎಂಬ ಸೂಕ್ಷ್ಮ ಸಸ್ಯಗಳ ಚಿಪ್ಪುಗಳಿಂದಾದ ಒಂದು ಬಗೆಯ ಬಿಳಿ ಮಣ್ಣುಂಟು. ಅದಕ್ಕೆ ಕೀಸಲ್‌ಗುರ್ ಎಂದು ಹೆಸರು. ಇಪಾಟಿಯೆಫನು ಫಾಸ್ಫಾರಿಕ್ ಆಮ್ಲವನ್ನು ಆ ಮಣ್ಣಿಗೆ ಕುಡಿಸಿ, ಕಾಯಿಸಿ, ಗಟ್ಟಿಮಾಡಿದನು. ತೈಲ ಶುದ್ಧೀಕರಣದಲ್ಲಿ ಹೊರಬೀಳುವ ಪ್ರೊಪಿಲೀನ್, ಬ್ಯುಟಿಲೀನ್ ಅನಿಲಗಳನ್ನು ಇದರ ಮೇಲೆ ಹಾಯಿಸಿದಾಗ ಎರಡು, ಮೂರು, ನಾಲ್ಕು ಅಣುಗಳು ಕೂಡಿಕೊಂಡು ಪೆಟ್ರೋಲಿನಂತಹ ದ್ರವವಾದುವು. ಇವು ಹಾರಗಳಲ್ಲ, ಹಾರದ ತುಂಡುಗಳು. ಆದರೂ ಪೋಣಿಸುವ ಕ್ರಮ ಒಂದೇ. ಈ ಇಂಧನವನ್ನು ಆ ಕಾಲದಲ್ಲಿ ಪಾಲಿಮರು ಗ್ಯಾಸೊಲಿನ್ ಎಂದೇ ಕರೆದರು.

ಅದೇ ದಶಕದಲ್ಲಿ ಫ್ರಾನ್ಸಿನ ಯುಜೀನ್ ಹೌಡ್ರಿ ಎಂಬ ಇಂಜಿನಿಯರನು ಆಮ್ಲದಿಂದ ಸಂಸ್ಕರಿಸಿದ ಜೇಡಿಮಣ್ಣನ್ನು ಬಳಸಿ ಭಾರವಾದ ಕಲ್ಲೆಣ್ಣೆಯ ಅಣುಗಳನ್ನು ಒಡೆದು ಪೆಟ್ರೋಲು ಮಾಡುವ ವಿಧಾನವನ್ನು ಅಮೆರಿಕದಲ್ಲಿ ನೆಲೆಗೊಳಿಸಿದನು. ಒಬ್ಬನು ಘನ ಆಮ್ಲದಿಂದ ಕಟ್ಟಿದನು, ಇನ್ನೊಬ್ಬನು ಘನ ಆಮ್ಲದಿಂದಲೇ ಒಡೆದನು. ಶಾಖ ಕಡಿಮೆಯಿದ್ದರೆ ಸರಪಣಿಯು ಬೆಳೆಯಲು ಅನುಕೂಲ, ಹೆಚ್ಚಿದರೆ ತುಂಡಾಗಲು ಅನುಕೂಲ ಎಂಬುದೇ ಇದರ ಗುಟ್ಟು.

ಎರೆಮಣ್ಣಿನೊಳಗಿನ ಹಾಳೆಗಳು

ಈಗ ನಮ್ಮ ಎರೆಮಣ್ಣಿಗೆ ಮರಳೋಣ. ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ದಖ್ಖನಿನ ಮೇಲೆ ಹರಿದ ಲಾವಾರಸವು ತಣಿದು ಕರಿಕಲ್ಲಾಯಿತು; ಅದು ಗಾಳಿ ಮಳೆಗಳಿಗೆ ಸವೆದು ಎರೆಮಣ್ಣಾಯಿತು. ಈ ಮಣ್ಣಿಗೆ ಉಬ್ಬುವ ಗುಣವನ್ನು ಕೊಡುವ ಖನಿಜ ವರ್ಗದ ಮುಖ್ಯ ಪ್ರತಿನಿಧಿಗೆ ಮಾಂಟ್‌ಮೊರಿಲೊನೈಟ್ ಎಂದು ಹೆಸರು. ಫ್ರಾನ್ಸಿನ ಮಾಂಟ್‌ಮೊರಿಲೋನ್ ಎಂಬ ಊರಿನ ಬಳಿ ದೊರೆತುದರಿಂದ ೧೮೪೭ರಲ್ಲಿ ಇದಕ್ಕೆ ಈ ಹೆಸರಾಯಿತು. ಪೇಟೆಯಲ್ಲಿ ಬೆಂಟೊನೈಟ್ ಎಂದು ಮಾರುವ ಜೇಡಿಯ ಮುಖ್ಯಾಂಶವೂ ಇದೇ. ನಮ್ಮ ಮನೆಗಳಲ್ಲಿ ಮುಖಕ್ಕೆ ಲೇಪಿಸುವ ಮುಲ್ತಾನಿ ಮಿಟ್ಟಿಯೂ ಈ ಬಂಧುವರ್ಗಕ್ಕೆ ಸೇರಿದುದು. ಅಡಿಗೆಯ ಎಣ್ಣೆಯ ಕಪ್ಪು ಬಣ್ಣವನ್ನು ತೆಗೆಯಲು ಕಾರ್ಖಾನೆಗಳವರು ಬಳಸುವುದು ಆಮ್ಲಸಂಸ್ಕಾರ ಹೊಂದಿದ ಇಂತಹ ಜೇಡಿಯನ್ನೇ.

ಮಾಂಟ್‌ಮೊರಿಲೊನೈಟಿನ ಕಣವೊಂದನ್ನು ಪುಸ್ತಕಕ್ಕೆ ಹೋಲಿಸಬಹುದು. ಅದರ ಒಂದೊಂದು ಹಾಳೆಯ ದಪ್ಪವು ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಮಾತ್ರ. ಪ್ರತಿಯೊಂದು ಹಾಳೆಯಲ್ಲಿ ಮೂರು ಪದರ: ಮೇಲೆ ಕೆಳಗೆ ಸಿಲಿಕಾ, ನಡುವೆ ಅಲ್ಯುಮಿನಾ. ನಡುಪದರದಲ್ಲಿ ಅಲ್ಲಲ್ಲಿ ಅಲ್ಯುಮಿನಿಯಮಿನ ಬದಲು ಮೆಗ್ನೀಸಿಯಂ ಕುಳಿತಿರುವುದರಿಂದ ಹಾಳೆಗೆ ಋಣ ವಿದ್ಯುದಂಶ ಉಂಟಾಗುವುದು. ಅದನ್ನು ಸರಿದೂಗಿಸಲು ಹಾಳೆಗಳ ಸಂದಿನಲ್ಲಿ ಸೋಡಿಯಂ ಅಥವಾ ಕ್ಯಾಲ್ಸಿಯಂ ಅಯಾನುಗಳು ತಂಗಿರುವುವು. ಮಳೆ ಬಿದ್ದಾಗ ನೀರು ಈ ಸಂದುಗಳಿಗೇ ನುಗ್ಗಿ ಹಾಳೆಗಳನ್ನು ದೂರ ಸರಿಸುವುದು, ಮಣ್ಣು ಉಬ್ಬುವುದು. ಬಿಸಿಲಿಗೆ ನೀರು ಹೋದಾಗ ಹಾಳೆಗಳು ಹತ್ತಿರ ಬರುವುವು, ಮಣ್ಣು ಬಿರಿಯುವುದು.

ಸಂದಿನಲ್ಲಿ ತಂಗಿರುವ ಆ ಅಯಾನುಗಳು ಸ್ಥಿರವಾಸಿಗಳಲ್ಲ, ಬಾಡಿಗೆದಾರರು. ಜೇಡಿಯನ್ನು ದುರ್ಬಲವಾದ ಗಂಧಕಾಮ್ಲದ ನೀರಿನಲ್ಲಿ ಕಲಕಿದರೆ ಸೋಡಿಯಂ ಕ್ಯಾಲ್ಸಿಯಂಗಳು ಜಾಗ ಬಿಟ್ಟು ಹೊರಡುವುವು. ಅಲ್ಲಿ ಪ್ರೋಟಾನುಗಳು ಬಂದು ಕೂರುವುವು. ಬಳಿಕ ಜೇಡಿಯನ್ನು ಚೆನ್ನಾಗಿ ತೊಳೆದು ಒಣಗಿಸಿದರೆ, ನೋಡಲು ಬರಿಯ ಮಣ್ಣಿನ ಪುಡಿ, ಗುಣದಲ್ಲಿ ಬಲವಾದ ಆಮ್ಲ! ಸಂಸ್ಕಾರವನ್ನು ತೀಕ್ಷ್ಣವಾಗಿ ಮಾಡಿದರೆ ಹಾಳೆಗಳ ಅಂಚುಗಳು ಕರಗಿ ಒಳಗೆ ಸೂಕ್ಷ್ಮವಾದ ಓಣಿಗಳು ಏರ್ಪಡುವುವು. ಹಾಗೆ ಸಂಸ್ಕರಿಸಿದ ಜೇಡಿಯ ಒಂದೇ ಒಂದು ಗ್ರಾಮಿನ ಒಳ ಹೊರ ಮೈಯನ್ನೆಲ್ಲ ಹರಡಿದರೆ ೨೦೦ ಚದರ ಮೀಟರಿಗೂ ಮಿಕ್ಕಿ ಆಗಬಲ್ಲುದು. ನಮ್ಮ ಹುಡುಗಿಯರು ಆಡುವ ಥ್ರೋಬಾಲ್ ಅಂಗಳದ ವಿಸ್ತೀರ್ಣ ಸುಮಾರು ೨೨೩ ಚದರ ಮೀಟರು. ಚಮಚದ ತುದಿಯಲ್ಲಿ ಹಿಡಿಯುವ ಮಣ್ಣಿನಲ್ಲಿ ಒಂದು ಆಟದ ಅಂಗಳವೇ ಅಡಗಿರುವುದೆಂದರೆ ಆ ಸೂಜಿದಿಂಡಿನ ಮೇಲೆ ಎಷ್ಟು ಸೂಜಿಗಳಿಗೆ ಎಡೆಯಿರಬಹುದೆಂಬುದನ್ನು ಊಹಿಸಿರಿ.

ಮಗ್ನಿಯಾ ಎಂಬ ಊರು

ಮಣ್ಣಿನಿಂದ ಕೀರ್ತಿ ಪಡೆದ ಒಂದು ಊರಿನ ಸಂಗತಿಯನ್ನು ಇಲ್ಲಿ ಹೇಳುವುದು ಉಚಿತ. ಆಫ್ರಿಕದ ಉತ್ತರಕ್ಕಿರುವ ಅಲ್ಜೀರಿಯ ದೇಶದ ಪಶ್ಚಿಮದ ಗಡಿಯಲ್ಲಿ, ಮೊರೊಕ್ಕೊ ದೇಶಕ್ಕೆ ಸಮೀಪವಾಗಿ, ಮಗ್ನಿಯಾ ಎಂಬ ಊರಿದೆ. ಅಲ್ಲಿ ಬೆಂಟೊನೈಟ್ ಜೇಡಿಯ ನಿಕ್ಷೇಪವುಂಟು. ಓರಾನ್ ನಗರದ ವಿಶ್ವವಿದ್ಯಾಲಯದ ಮೊಹಮ್ಮದ್ ಬೆಲ್‌ಬಶೀರ್ ಎಂಬ ಅಧ್ಯಾಪಕರೂ ಅವರ ಶಿಷ್ಯವರ್ಗವೂ ತಮ್ಮ ನೆಲದ ಈ ಜೇಡಿಯನ್ನು ಮೇಲೆ ಹೇಳಿದಂತೆ ಆಮ್ಲದಿಂದ ಸಂಸ್ಕರಿಸಿ, ಅದಕ್ಕೆ ಊರಿನ ಹೆಸರನ್ನೇ ಇಟ್ಟು, ಮಗ್ನೈಟ್ ಎಂದು ಕರೆದರು. ಐಸೊಬ್ಯುಟಿಲೀನ್, ಸ್ಟೈರೀನ್, ಟೆಟ್ರಾಹೈಡ್ರೋಫ್ಯೂರಾನ್ ಮುಂತಾದ ಹಲವು ದ್ರವ್ಯಗಳನ್ನು ಅದರ ಸಹಾಯದಿಂದ ಪಾಲಿಮರುಗಳಾಗಿ ಮಾಡಿ ಪ್ರಬಂಧಗಳನ್ನು ಪ್ರಕಟಿಸಿದರು. ೨೦೦೧ರಲ್ಲಿ ಅಮೆರಿಕ ಸರಕಾರದಿಂದ ಈ ಕುರಿತು ಹಕ್ಕುಪತ್ರವೂ ದೊರೆಯಿತು. ಹಿರಿಯ ಯಂತ್ರಸಾಮಗ್ರಿಯಾಗಲಿ ಅಪರೂಪದ ಲೋಹವಾಗಲಿ ಇಲ್ಲದೆ, ಕಾಲಡಿಯ ಮಣ್ಣನ್ನು ಶ್ರದ್ಧೆಯಿಂದ ಪರೀಕ್ಷಿಸಿದುದರಿಂದಲೇ ಒಂದು ಗಡಿ ಊರಿನ ಹೆಸರು ಲೋಕದ ರಸಾಯನ ಪತ್ರಿಕೆಗಳಲ್ಲಿ ನಿಂತುಹೋಯಿತು.

ಕಾರ್ಖಾನೆಗಳವರೂ ಈ ದಾರಿಯನ್ನು ಹಿಡಿದಿರುವರು. ಕಾಲುಚೀಲದಲ್ಲಿಯೂ ಆಟದ ಉಡುಪಿನಲ್ಲಿಯೂ ಹಿಗ್ಗಿ ಕುಗ್ಗುವ ನೂಲೊಂದಿರುವುದು. ೧೯೫೮ರಲ್ಲಿ ಅಮೆರಿಕದ ಡುಪಾಂಟ್ ಸಂಸ್ಥೆಯ ಜೋಸೆಫ್ ಶಿವರ್ಸ್ ಕಂಡುಹಿಡಿದ ಆ ನೂಲನ್ನು ಲೈಕ್ರಾ ಎಂಬ ಹೆಸರಿನಿಂದ ಅನೇಕರು ಬಲ್ಲರು. ಇಂತಹ ನೂಲುಗಳಿಗೆ ಹಿಗ್ಗುವ ಗುಣವನ್ನು ಕೊಡುವ ಮುಖ್ಯ ಭಾಗವೆಂದರೆ ಟೆಟ್ರಾಹೈಡ್ರೋಫ್ಯೂರಾನಿನ ಪಾಲಿಮರು. ಇದನ್ನು ಆಮ್ಲಸಂಸ್ಕಾರ ಹೊಂದಿದ ಜೇಡಿಯ ಮೇಲೆ ತಯಾರಿಸುವ ವಿಧಾನಗಳಿಗೆ ಜರ್ಮನಿಯ ಬಿ.ಎ.ಎಸ್.ಎಫ್. ಸಂಸ್ಥೆಯು ಹಕ್ಕುಪತ್ರಗಳನ್ನು ಪಡೆದಿರುವುದು. ಕೆಲವೆಡೆ ಜೇಡಿಯ ಬದಲು, ಗಂಧಕಾಮ್ಲದ ಅಂಶವನ್ನು ಬೆಸೆದಿರುವ ಪ್ಲಾಸ್ಟಿಕ್ ಮಣಿಗಳನ್ನೇ ಆಧಾರವಾಗಿ ಬಳಸುವರು. ಗಡುಸಾದ ಪಾರದರ್ಶಕ ಪಾಲಿಕಾರ್ಬನೇಟ್ ಪ್ಲಾಸ್ಟಿಕಿಗೆ ಬೇಕಾದ ಬಿಸ್ಫಿನಾಲ್-ಎ ಎಂಬ ಮೂಲದ್ರವ್ಯವು ಇಂತಹ ಮಣಿಗಳ ಮೇಲೆಯೇ ತಯಾರಾಗುವುದು. ಪಾಲಿಮರಿನ ಮೇಲೆ ಆಮ್ಲವನ್ನು ನೆಲೆಗೊಳಿಸಿ ಅದರಿಂದ ಮತ್ತೊಂದು ಪಾಲಿಮರಿಗೆ ದಾರಿಮಾಡುವ ಈ ಜಾಣ್ಮೆ ಮೆಚ್ಚತಕ್ಕದ್ದು.

ನಮ್ಮ ರಾಜ್ಯದಲ್ಲಿ

ಕರ್ನಾಟಕದಲ್ಲಿಯೂ ಈ ವಿದ್ಯೆಯು ಅಪರಿಚಿತವಲ್ಲ. ಬೆಂಗಳೂರು ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯ ರಸಾಯನ ಶಾಸ್ತ್ರಜ್ಞರು ಆಮ್ಲದಿಂದ ಸಂಸ್ಕರಿಸಿದ ಮಾಂಟ್‌ಮೊರಿಲೊನೈಟನ್ನು ಬಳಸಿ ಎಸ್ಟರು ಎಂಬ ದ್ರವ್ಯಗಳನ್ನು ತಯಾರಿಸುವ ಬಗೆಯನ್ನು ಕುರಿತು ಪ್ರಬಂಧಗಳನ್ನು ಪ್ರಕಟಿಸಿರುವರು. ಆಮ್ಲವೂ ಮದ್ಯಸಾರವೂ ಕೂಡಿ ಎಸ್ಟರಾಗುವ ಈ ಕ್ರಿಯೆಯನ್ನೇ ಸಾವಿರಾರು ಸಲ ಮುಂದುವರಿಸಿದರೆ ಪಾಲಿಎಸ್ಟರು ದೊರೆಯುವುದು. ಆದುದರಿಂದ ಇದು ನಮ್ಮ ವಿಷಯಕ್ಕೆ ನೆರೆಮನೆಯದೇ.

ಮಂಗಳೂರಿನ ತೈಲ ಶುದ್ಧೀಕರಣಾಗಾರದಲ್ಲಿ ೨೦೧೫ರಿಂದ ಪಾಲಿಪ್ರೊಪಿಲೀನನ್ನು ತಯಾರಿಸುತ್ತಿರುವರು. ಆ ಘಟಕದ ಸಾಮರ್ಥ್ಯ ವರ್ಷಕ್ಕೆ ೪.೪ ಲಕ್ಷ ಟನ್ನು. ಗೊಬ್ಬರದ ಚೀಲ, ಕುರ್ಚಿ, ಹಗ್ಗ, ಡಬ್ಬಿ ಇವೆಲ್ಲ ಈ ಜಾತಿಯ ಪ್ಲಾಸ್ಟಿಕಿನಿಂದ ಆಗತಕ್ಕವು. ಪಾಲಿಪ್ರೊಪಿಲೀನಿನ ತಯಾರಿಕೆಯಲ್ಲಿ ಸೂಜಿಯಾಗಿರುವುದು ಆಮ್ಲದ ಪ್ರೋಟಾನಲ್ಲ, ಟೈಟೇನಿಯಂ. ಜರ್ಮನಿಯ ಜೀಗ್ಲರ್ ಮತ್ತು ಇಟಲಿಯ ನಾಟ್ಟಾ ಎಂಬವರು ಕಂಡುಹಿಡಿದ ಮಾರ್ಗವಿದು. ಇದಕ್ಕಾಗಿ ಅವರಿಬ್ಬರಿಗೂ ೧೯೬೩ರಲ್ಲಿ ನೊಬೆಲ್ ಬಹುಮಾನ ಸಂದಿತು. ಆದರೆ ಇಂದಿನ ರೂಢಿಯಲ್ಲಿ ಆ ಟೈಟೇನಿಯಮನ್ನು ಮೆಗ್ನೀಸಿಯಂ ಕ್ಲೋರೈಡ್ ಎಂಬ ಘನದ ಮೇಲೆ ನೆಲೆಗೊಳಿಸುವರಾದುದರಿಂದ, ಸೂಜಿ ಬೇರೆಯಾದರೂ ದಿಂಡಿಗೆ ಚುಚ್ಚಿಡುವ ನೀತಿಯು ಅದೇ. ಹೀಗೆ ನೆಲೆಗೊಳಿಸಿದ ಮೇಲೆ ಸ್ವಲ್ಪವೇ ಟೈಟೇನಿಯಂ ಬಹಳ ಪ್ಲಾಸ್ಟಿಕನ್ನು ಕಟ್ಟುವಂತಾಯಿತು. ಕೊನೆಯಲ್ಲಿ ಕ್ರಿಯಾವರ್ಧಕವನ್ನು ತೊಳೆದು ತೆಗೆಯುವ ಶ್ರಮವೇ ತಪ್ಪಿತು.

ಘನ ಆಮ್ಲದ ಮಿತಿಗಳು

ಗುಣಗಳನ್ನು ಹೇಳಿದ ಮೇಲೆ ಕುಂದುಗಳನ್ನೂ ಹೇಳುವುದು ನ್ಯಾಯ. ಮೊದಲನೆಯದಾಗಿ, ಸರಪಣಿಯು ಉದ್ದವಾದಂತೆಲ್ಲ ಜೇಡಿಯ ಸೂಕ್ಷ್ಮ ಓಣಿಗಳಲ್ಲಿ ಸಿಕ್ಕಿಕೊಂಡು ದಾರಿಯನ್ನು ಕಟ್ಟುವುದು. ಆಗ ಒಳಗಿನ ಸೂಜಿಗಳು ನಿರುಪಯೋಗವಾಗುವುವು. ಆದಕಾರಣವೇ ಘನ ಆಮ್ಲಗಳು ಇಂಧನ, ಹಿಗ್ಗುವ ನೂಲಿನ ದ್ರವ್ಯ ಮುಂತಾದ ಗಿಡ್ಡ ಸರಪಣಿಗಳಲ್ಲಿ ಹೆಚ್ಚು ಗೆದ್ದಿರುವುವು. ಟ್ಯೂಬಿನ ರಬ್ಬರಿನಂತಹ ಬಹು ಉದ್ದನೆಯ ಸರಪಣಿಗೆ ಇಂದಿಗೂ ಅಲ್ಯುಮಿನಿಯಂ ಕ್ಲೋರೈಡನ್ನೇ, ಶೂನ್ಯಕ್ಕಿಂತ ಸುಮಾರು ೧೦೦ ಡಿಗ್ರಿ ಕೆಳಗಿನ ಶೈತ್ಯದಲ್ಲಿ, ಬಳಸುತ್ತಿರುವರು. ಎರಡನೆಯದಾಗಿ, ಜೇಡಿಯು ತೇವವನ್ನು ಹೀರುವುದು. ತೇವವು ಪ್ರೋಟಾನನ್ನು ತಾನೇ ಹಿಡಿದುಕೊಂಡು ಅದರ ಬಲವನ್ನು ಕುಗ್ಗಿಸುವುದು. ಬಳಸುವ ಮುನ್ನ ಅದನ್ನು ನೀರು ಕುದಿಯುವ ಶಾಖಕ್ಕಿಂತ ಸ್ವಲ್ಪ ಮೇಲೆ ಕಾಯಿಸಿ ಒಣಗಿಸುವುದು ಇದಕ್ಕಾಗಿಯೇ. ಮೂರನೆಯದಾಗಿ, ಜೇಡಿಯನ್ನು ಸಂಸ್ಕರಿಸಲು ಒಂದು ಸಲ ಆಮ್ಲ ಬೇಕೇ ಬೇಕು. ಆ ತೊಳೆನೀರಿಗೂ ಶಮನ ಬೇಕು. ಆದರೆ ಪ್ರತಿ ಸರದಿಗೂ ಆಮ್ಲ ಚೆಲ್ಲುವುದಕ್ಕಿಂತ ಒಮ್ಮೆ ಚೆಲ್ಲಿ ಹಲವು ಸರದಿಗಳಿಗೆ ಬಳಸುವುದು ಲೇಸೆಂಬುದರಲ್ಲಿ ಸಂದೇಹವಿಲ್ಲ.

ಎಲ್ಲಕ್ಕಿಂತ ದೊಡ್ಡ ಪಾಠವೊಂದನ್ನು ಇಪಾಟಿಯೆಫನ ಆಮ್ಲವೇ ಕಲಿಸಿತು. ಅದರ ಮೇಲೆ ನಾಲ್ಕು ಪ್ರೊಪಿಲೀನ್ ಅಣುಗಳನ್ನು ಜೋಡಿಸಿ, ಆ ತುಂಡಿನಿಂದ ಬಟ್ಟೆ ಒಗೆಯುವ ಪುಡಿಗೆ ಬೇಕಾದ ನೊರೆದ್ರವ್ಯವನ್ನು ಮಾಡಿದರು. ತಯಾರಿಕೆಯು ನಿರ್ಮಲವಾಗಿತ್ತು, ಆದರೆ ಆ ತುಂಡು ಕವಲು ಕವಲಾಗಿದ್ದುದರಿಂದ ನೀರಿನ ಸೂಕ್ಷ್ಮಜೀವಿಗಳು ಅದನ್ನು ಜೀರ್ಣಿಸಲಾರದೆ ಹೋದುವು. ಯೂರೋಪು ಅಮೆರಿಕಗಳ ನದಿಗಳ ಮೇಲೆ ನೊರೆಯು ರಾಶಿಯಾಗಿ ತೇಲಿತು. ಕೊನೆಗೆ ೧೯೬೦ರ ದಶಕದಲ್ಲಿ ಅದನ್ನು ಕೈಬಿಟ್ಟು ಕವಲಿಲ್ಲದ ನೇರ ಸರಪಣಿಯ ದ್ರವ್ಯಕ್ಕೆ ಬದಲಾಯಿಸಿಕೊಂಡರು. ಮಾಡುವ ಬಗೆಯು ಶುದ್ಧವಾಗಿದ್ದರೆ ಸಾಲದು, ಮಾಡಿದ ವಸ್ತುವು ಬಳಕೆಯಾದ ಮೇಲೆ ಏನಾಗುವುದೆಂಬುದನ್ನೂ ಮೊದಲೇ ಯೋಚಿಸಬೇಕೆಂಬುದು ಇದರ ನೀತಿ. ಕರ್ನಾಟಕ ಸರಕಾರವು ೨೦೧೬ರಲ್ಲಿ ಪ್ಲಾಸ್ಟಿಕ್ ಚೀಲ ಮುಂತಾದುವನ್ನು ನಿಷೇಧಿಸಿದುದೂ ಈ ನೀತಿಯ ಇನ್ನೊಂದು ಮುಖವೇ.

ನಮ್ಮ ನೆಲದ ಮಣ್ಣು

ಬಸವಕಲ್ಯಾಣದ ದಕ್ಷಿಣಕ್ಕೆ ಸುಮಾರು ೩ ಕಿಲೋಮೀಟರು ದೂರದಲ್ಲಿ ಸಿಲಿಕಾಂಶ ಹೆಚ್ಚಾಗಿರುವ ಬಾಕ್ಸೈಟ್ ಜೇಡಿಯೂ ಕೆಮ್ಮಣ್ಣೂ ಇರುವುವೆಂದು ಜಿಲ್ಲೆಯ ಖನಿಜ ವಿವರಗಳಲ್ಲಿ ದಾಖಲಾಗಿದೆ. ಅದೇ ಊರಿನ ಬಳಿಯಲ್ಲಿಯೂ, ಬೀದರ ತಾಲ್ಲೂಕಿನ ಕಮಠಾಣದ ಬಳಿಯಲ್ಲಿಯೂ ಕೆಯೋಲಿನ್ ಎಂಬ ಬಿಳಿ ಜೇಡಿಯುಂಟು. ಬಾಕ್ಸೈಟ್ ಅಲ್ಯುಮಿನಾದ ಗಣಿ. ಕೆಯೋಲಿನಿನಲ್ಲಿ ಸಿಲಿಕಾ ಅಲ್ಯುಮಿನಾಗಳು ಎರಡೂ ಸೇರಿರುವುವು. ಘನ ಆಮ್ಲಗಳ ಮೂಲಸಾಮಗ್ರಿ ಇವೇ. ಆದರೆ ಪ್ರತಿಯೊಂದು ಮಣ್ಣಿಗೂ ಅದರದೇ ಸಂಸ್ಕಾರವುಂಟು. ಕೆಯೋಲಿನಿನ ಹಾಳೆಗಳು ಒಂದಕ್ಕೊಂದು ಬಿಗಿಯಾಗಿ ಅಂಟಿರುವುದರಿಂದ ಬರಿಯ ಆಮ್ಲದ ನೀರಿಗೆ ಅದು ಸುಲಭವಾಗಿ ಮಣಿಯುವುದಿಲ್ಲ. ಮೊದಲು ಆರು ಏಳು ನೂರು ಡಿಗ್ರಿಗಳ ಶಾಖದಲ್ಲಿ ಸುಟ್ಟು ಆ ಬಳಿಕ ಆಮ್ಲಕ್ಕೆ ಹಾಕಬೇಕು. ಎರೆಮಣ್ಣಿನಲ್ಲಿಯಾದರೋ ಸುಣ್ಣದ ಅಂಶ ಬೆರೆತಿರುವುದರಿಂದ ಮೊದಲು ಹಾಕಿದ ಆಮ್ಲವನ್ನು ಆ ಸುಣ್ಣವೇ ನುಂಗುವುದು. ಸುಣ್ಣವು ತೀರಿದ ಮೇಲಲ್ಲದೆ ಪ್ರೋಟಾನುಗಳಿಗೆ ಹಾಳೆಯ ಸಂದಿನಲ್ಲಿ ಜಾಗ ದೊರೆಯದು.

ಇದರಲ್ಲಿ ಸ್ವಲ್ಪ ಭಾಗವನ್ನು ಮನೆಯಲ್ಲಿಯೇ ನೋಡಬಹುದು. ಹೊಲದ ಎರೆಮಣ್ಣಿನ ಒಣ ಹೆಂಟೆಯ ಮೇಲೆ, ಬಿಳಿಯ ಸುಣ್ಣದ ಹರಳು ಕಾಣುವ ಕಡೆ, ನಿಂಬೆಯ ರಸವನ್ನು ಹಿಂಡಿರಿ. ಬುಸುಬುಸನೆ ಗುಳ್ಳೆಗಳೇಳುವುವು, ಸುಣ್ಣವು ಹುಳಿಯನ್ನು ನುಂಗುವ ಬಗೆ ಇದೇ. ಇನ್ನೊಂದನ್ನು ಶಾಲೆಯ ಪ್ರಯೋಗಶಾಲೆಯಲ್ಲಿ ಉಪಾಧ್ಯಾಯಿನಿಯರ ಕಣ್ಣೆದುರಿಗೆ ಮಾತ್ರ ಮಾಡತಕ್ಕದ್ದು: ಆಮ್ಲದಿಂದ ಸಂಸ್ಕರಿಸಿ ಚೆನ್ನಾಗಿ ತೊಳೆದ ಜೇಡಿಗೆ ಉಪ್ಪಿನ ನೀರನ್ನು ಸುರಿದು ಕಲಕಿ, ಮೇಲೆ ನಿಂತ ತಿಳಿಯಲ್ಲಿ ನೀಲಿ ಲಿಟ್ಮಸ್ ಕಾಗದವನ್ನು ಅದ್ದಿದರೆ ಅದು ಕೆಂಪಾಗುವುದು. ಉಪ್ಪಿನಲ್ಲಿಯಾಗಲಿ ನೀರಿನಲ್ಲಿಯಾಗಲಿ ಹುಳಿಯಿರಲಿಲ್ಲ. ಉಪ್ಪಿನ ಸೋಡಿಯಂ ಒಳಹೊಕ್ಕು, ಹಾಳೆಗಳ ಸಂದಿನಲ್ಲಿ ಬಚ್ಚಿಟ್ಟುಕೊಂಡಿದ್ದ ಪ್ರೋಟಾನುಗಳನ್ನು ಹೊರದೂಡಿತು. ಕಣ್ಣಿಗೆ ಕಾಣದ ಸೂಜಿಗಳು ದಿಂಡಿನಲ್ಲಿ ಇದ್ದುವೆಂಬುದಕ್ಕೆ ಆ ಕೆಂಪು ಕಾಗದವೇ ಸಾಕ್ಷಿ.

ನಮ್ಮ ಶಾಲೆಯಿಂದ ಹೊರಟ ಹುಡುಗಿಯರಲ್ಲಿ ಕೆಲವರು ವಿಜ್ಞಾನವನ್ನು ಓದಿ ಪ್ರಯೋಗಶಾಲೆಗಳನ್ನೂ ಕಾರ್ಖಾನೆಗಳನ್ನೂ ಸೇರುವರು; ಕೆಲವರು ಊರ ಪಂಚಾಯತಿಗಳಲ್ಲಿ ಕೂರುವರು; ಎಲ್ಲರೂ ಬಾವಿಯ ನೀರನ್ನು ಮಕ್ಕಳಿಗೆ ಕುಡಿಯಲು ಕೊಡುವರು. ತಾಯಿತಂದೆಗಳು ಹೆಣ್ಣುಮಕ್ಕಳಿಗೆ ರಸಾಯನ ಶಾಸ್ತ್ರವು ಏತಕ್ಕೆಂದು ಕೇಳುವುದುಂಟು. ಹೊಸದೊಂದು ಕಾರ್ಖಾನೆಯು ಊರಿನ ಬಳಿ ಬಂದಾಗ ‘ನಿಮ್ಮ ಆಮ್ಲವು ದ್ರವವೋ ಘನವೋ? ಎಷ್ಟು ಸರದಿ ಬಳಸುವಿರಿ? ತೊಳೆನೀರು ಎಲ್ಲಿಗೆ ಹೋಗುವುದು? ಕೆಸರನ್ನು ಎಲ್ಲಿ ಇಡುವಿರಿ?’ ಎಂದು ವಿನಯದಿಂದಲೂ ತಿಳಿವಳಿಕೆಯಿಂದಲೂ ಕೇಳಬಲ್ಲ ಒಬ್ಬ ಮಗಳು ಊರಿನಲ್ಲಿದ್ದರೆ, ಆ ಶಾಸ್ತ್ರವನ್ನು ಕಲಿಸಿದ ಶ್ರಮವು ಸಾರ್ಥಕವೆಂದೇ ನಮ್ಮ ಉತ್ತರ.